ಮುಚ್ಚಳದ ಮೇಲಿನ ಸೌಟು

"ನೀನು ಇಂಟರ್‌ವ್ಯೂಗೆ ಹೋಗಿದ್ದ ಆಫೀಸಿನೋರು ಫೋನ್ ಮಾಡಿದ್ರು. ನಾನೇ ಮಾತಾಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದೀನಿ."

ಅತ್ತೆ ಹೀಗೆಂದಾಗ ಸೊಸೆ ಒಂದು ಕಾಲಿನ ಬೂಟು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದಳು. ಕೈ ಅಲ್ಲೇ ನಿಂತಿತು. ಈ ಹೊಸ ದೇಶಕ್ಕೆ ಬಂದಾಗಿನಿಂದ ಅವಳು ಹಗಲೂ ಇರುಳೂ ಕಾದದ್ದು ಆ ಒಂದು ಫೋನಿಗಾಗಿ. ಕೊನೆಗೂ ಅದು ಬಂದಿತ್ತು... ಅದನ್ನು ಎತ್ತಿಕೊಂಡವರು ಯಾರು? ಹುಟ್ಟಿದಾಗಿನಿಂದ ಯಾರನ್ನೂ ಬಾಯಿತುಂಬ ಹೊಗಳಿ ಅಭ್ಯಾಸವೇ ಇಲ್ಲದ ಅವಳ ಅತ್ತೆ! ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ, ಆ ಸ್ಥಿತಿಯಲ್ಲೇ ಅವಳು ಗೋಡೆಗೆ ಒರಗಿಕೊಂಡಳು.

ಅತ್ತೆಯನ್ನು ಬಯ್ಯುವ ಮೊದಲು ಓದುಗರು ಒಂದು ಸಂಗತಿ ತಿಳಿದುಕೊಳ್ಳಬೇಕು. ಆಕೆ ನಿವೃತ್ತಿಯವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಫೋನು ಎರಡನೆಯ ಸಲ ರಿಂಗಾಗುವುದರೊಳಗೆ ಎತ್ತದಿದ್ದರೆ ಆಕೆಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರ ಫೋನು ಹೊಡೆದುಕೊಂಡರೂ ಆಕೆಯ ಕೈ ತಾನಾಗಿ ಮೇಲೇಳುತ್ತಿತ್ತು. ಇಂಗ್ಲಿಷಂತೂ ಇಸ್ತ್ರಿ ಹಾಕಿ ಮಡಚಿಟ್ಟ ಬಟ್ಟೆಯ ಹಾಗೆ ನೀಟಾಗಿತ್ತು. ಎಕ್ಸ್‌ಚೇಂಜಿನಲ್ಲಿ ಎಲ್ಲ ಸರಿಯಿದ್ದರೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ, ಕೆಟ್ಟರೆ ಮಾತ್ರ ಹೇಳುತ್ತಾರೆ. ಆಕೆ ಮನೆಯನ್ನು ನಡೆಸಿದ್ದೂ ಅದೇ ಪದ್ಧತಿಯಲ್ಲಿ.

ಇನ್ನು ಸೊಸೆಯ ವಿಷಯ. ಅವಳದು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಪರೀಕ್ಷಿಸಿ ತಪ್ಪು ಹುಡುಕುವ ಕೆಲಸ. ಮಾಡಿದವರು ಸರಿಯಿದೆ ಎಂದು ಕೊಟ್ಟದ್ದನ್ನು ತಿರುವಿ ಮುರುವಿ ನೋಡಿ, ಎಲ್ಲಿ ಕೆಡುತ್ತದೆ ಎಂದು ತೋರಿಸುವುದರಲ್ಲಿ ಅವಳದು ಎತ್ತಿದ ಕೈ. ಆ ವಿದ್ಯೆಯನ್ನು ನೋಡಿಯೇ ಈ ದೇಶ ಗಂಡ, ಅತ್ತೆ ಸೇರಿ ಮೂವರಿಗೂ ಬಂದು ನೆಲೆಸಲು ಒಪ್ಪಿಗೆ ಕೊಟ್ಟಿತ್ತು. ಆದರೆ ಒಪ್ಪಿಗೆ ಕೊಟ್ಟವರೇ ಬೇರೆ, ಕೆಲಸ ಕೊಡುವವರೇ ಬೇರೆ! ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: ಇಲ್ಲಿನ ಅನುಭವ ಇದೆಯೇ? ಇಲ್ಲಿನ ಅನುಭವ ಬೇಕೆಂದರೆ ಮೊದಲು ಇಲ್ಲಿ ಕೆಲಸ ಸಿಗಬೇಕು. ಕೆಲಸ ಕೇಳಿದರೆ ಅನುಭವ ತಾ ಎನ್ನುತ್ತಾರೆ. ಎಲ್ಲರೂ ತುಂಬ ಸೌಜನ್ಯದಿಂದ, ನಗುನಗುತ್ತಲೇ ಬಾಗಿಲು ಹಾಕಿದರು. ಅವಳಾದರೂ ತನ್ನ ಬಗ್ಗೆ ಹೇಳಿಕೊಳ್ಳುವ ಹೊತ್ತಿಗೆ ಕುಗ್ಗಿಬಿಡುತ್ತಿದ್ದಳು. ಬೇರೆಯವರ ಪ್ರೋಗ್ರಾಮಿನ ತಪ್ಪನ್ನು ಗಂಟೆಗಟ್ಟಲೆ ವಿವರಿಸಬಲ್ಲವಳು, ನಿಮ್ಮ ದೊಡ್ಡ ಗುಣ ಯಾವುದು ಎಂದರೆ ಮೇಜಿನ ಅಂಚು ಸವರುತ್ತ ಕೂರುತ್ತಿದ್ದಳು.

ಸದ್ಯಕ್ಕೆ ಪಾರ್ಸೆಲ್ ಗೋದಾಮಿನಲ್ಲಿ ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದಳು. ಒಳಗೆ ಫೋನು ಒಯ್ಯುವಂತಿರಲಿಲ್ಲವಾದ್ದರಿಂದ ಅದು ಮನೆಯಲ್ಲಿ ಚಾರ್ಜಿಗೆ ಇರುತ್ತಿತ್ತು. ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಗಂಡ ರಜೆ ಹಾಕಿ ಜೊತೆಗೆ ಬಂದವನು, ಇಲ್ಲಿ ಟೈರು ಅಂಗಡಿಯ ಕೌಂಟರಿನಲ್ಲಿ ನಿಂತು ಗಿರಾಕಿಗಳಿಗೆ ಘರ್ಷಣೆಯ ನಿಯಮ ವಿವರಿಸುತ್ತ ಖುಷಿಯಾಗಿಯೇ ಇದ್ದ. ಆದರೆ ರಜೆ ಮುಗಿಯುತ್ತ ಬಂದಿತ್ತು. ವಾಪಸು ಬರುತ್ತೀರೋ, ಕೆಲಸ ಬಿಡುತ್ತೀರೋ ಎಂದು ಕಾಲೇಜಿನವರು ಕೇಳಿದ್ದರು. ಈ ತಿಂಗಳು ಮುಗಿಯುವುದರೊಳಗೆ ತನ್ನ ವೃತ್ತಿಯಲ್ಲಿ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಿ ಹಿಂತಿರುಗುವುದೆಂದು ಅವಳೇ ತೀರ್ಮಾನಿಸಿದ್ದಳು. ಉಳಿದದ್ದು ಒಂದೇ ಆಸೆ. ಆಸ್ಪತ್ರೆಗಳಿಗೆ ಪ್ರೋಗ್ರಾಂ ಮಾಡಿಕೊಡುವ ಒಂದು ಕಂಪನಿಯವರು ಸಂದರ್ಶನ ಮುಗಿಸಿ, ನಿಮ್ಮ ಹಳೆಯ ಕಂಪನಿಯಲ್ಲಿ ವಿಚಾರಿಸುತ್ತೇವೆ ಎಂದಿದ್ದರು.

"ಏನಂದ್ರಿ ಅತ್ತೆ ಅವರಿಗೆ?" ಅವಳು ಇನ್ನೊಂದು ಬೂಟನ್ನು ಬಿಚ್ಚದೆಯೇ ಕೇಳಿದಳು.

ಅತ್ತೆ ವರದಿ ಒಪ್ಪಿಸಿದರು. ಹಳೆಯ ಕಂಪನಿಯವರು ಇವಳು ಕೆಲಸಕ್ಕೆ ಸೇರಿದ ತಾರೀಖು, ಬಿಟ್ಟ ತಾರೀಖು ಹೇಳಿ ಬಾಯಿ ಮುಚ್ಚಿಕೊಂಡರಂತೆ. ಅದೇ ಅವರ ನಿಯಮವಂತೆ. ಹಾಗಾಗಿ ಇವಳ ಕೆಲಸವನ್ನು ಹತ್ತಿರದಿಂದ ನೋಡಿದ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಲು ಆಸ್ಪತ್ರೆ ಪ್ರೋಗ್ರಾಮಿನ ಆ ಕಂಪನಿಯ ಮ್ಯಾನೇಜರ್ ಹೆಂಗಸು ಫೋನ್ ಮಾಡಿದ್ದಳು.

"ಮದುವೆ ಆದಾಗಿಂದ ನಾನೇ ನೋಡ್ತಿದೀನಲ್ಲಮ್ಮ, ನನ್ನನ್ನೇ ಕೇಳು ಅಂದೆ. ಕೇಳಿದ್ಲು, ಹೇಳಿದೆ."

ಹೇಳಿದ್ದು ಒಂದೆರಡಲ್ಲ. ಇವಳು ಯಾರ ಮಾತನ್ನೂ ನಂಬುವುದಿಲ್ಲ, ಒಲೆ ಆರಿಸಿದ್ದೇನೆ ಎಂದರೂ ಎದ್ದು ಹೋಗಿ ನೋಡುತ್ತಾಳೆ. ಈ ಮನೆಗೆ ಬಂದ ದಿನವೇ ಲಿಫ್ಟಿನಲ್ಲಿ ಬಾಗಿಲು ತೆರೆಯುವ ಗುಂಡಿ, ಮುಚ್ಚುವ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರೆ ಏನಾಗುತ್ತದೆ ನೋಡೋಣ ಎಂದು ಒತ್ತಿ, ಎಲ್ಲರನ್ನೂ ಸಾಮಾನಿನ ಸಮೇತ ಮಧ್ಯದಲ್ಲೇ ನಿಲ್ಲಿಸಿದಳು. ಸೋಫಾ ಕೊಳ್ಳಲು ಹೋದರೆ ಅಂಗಡಿಯಲ್ಲೇ ಅದನ್ನು ತಲೆಕೆಳಗು ಮಾಡಿಸಿದಳು, ಮಗ ನಾಚಿಕೆಯಿಂದ ಬೀದಿಗೆ ಹೋಗಿ ನಿಂತ. ಅಡುಗೆಗೆ ಅತ್ತೆ ಸೊಸೆ ಇಬ್ಬರೂ ಉಪ್ಪು ಹಾಕಿಬಿಡುತ್ತೇವೆಂದು, ಉಪ್ಪು ಹಾಕಿದವರು ಸೌಟನ್ನು ಮುಚ್ಚಳದ ಮೇಲೆ ಇಡಬೇಕು ಎಂದು ಕಾನೂನು ಮಾಡಿದ್ದಾಳೆ. ಈ ವಯಸ್ಸಿನಲ್ಲಿ ಅಡುಗೆಮನೆಯಲ್ಲೂ ಸಿಗ್ನಲ್ಲು ನೋಡಿಕೊಂಡು ಓಡಾಡಬೇಕಾಗಿದೆ. ಸರಿಯಿಲ್ಲದ್ದನ್ನು ಕತ್ತು ಹಿಸುಕಿದರೂ ಸರಿ ಎನ್ನುವುದಿಲ್ಲ. ಅದಕ್ಕೇ ತಾನು ಇವಳಿಗೆ ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟಿರುವುದು.

ಸೊಸೆ ಕೇಳುತ್ತ ಕೇಳುತ್ತ ಬಿಳಚಿಕೊಂಡಳು. ಮದುವೆಯಾದಾಗಿನಿಂದ ಒಮ್ಮೆಯೂ ಎದುರಾಡದವಳ ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಅಂದು ಕಟ್ಟೆಯೊಡೆಯಿತು.

"ನನ್ನ ಬಗ್ಗೆ ಒಂದು ಒಳ್ಳೆ ಮಾತು ಆಡೋದು ನಿಮಗೆ ಅಷ್ಟು ಕಷ್ಟಾನಾ ಅತ್ತೆ... ಒಂದೇ ಒಂದು? ಇದೊಂದು ಕೆಲಸ ಸಿಕ್ಕಿದ್ರೆ ಸಾಕು ಅಂತ ಕಾಯ್ತಿದ್ದೆ. ಅದನ್ನೂ ನಿಮ್ಮ ಕೈಯಾರೆ ಕಳೆದ್ರಿ. ಇನ್ಮೇಲೆ ದಯವಿಟ್ಟು ನನ್ನ ಫೋನ್ ಮುಟ್ಟಬೇಡಿ."

ಅತ್ತೆ ಎರಡೂ ಕೈಗಳನ್ನು ಸ್ವೆಟರಿನ ಜೇಬಿಗೆ ತುರುಕಿಕೊಂಡು ತಮ್ಮ ಕೋಣೆಗೆ ಹೋದರು.

ಅಂದಿನಿಂದ ಮನೆ ಬಿಕೋ ಎನ್ನತೊಡಗಿತು. ದೂರುಗಳಿಲ್ಲ, ಹೆಸರಿಟ್ಟು ಕರೆಯುವುದಿಲ್ಲ. ಊಟವಾದ ಮೇಲೆ ಅತ್ತೆ ರಕ್ತದೊತ್ತಡದ ಮಾತ್ರೆಗಳನ್ನು ಅಂಗೈಯಲ್ಲಿಟ್ಟು ಸೊಸೆಯ ಮೂಗಿನ ಬಳಿ ಹಿಡಿದು "ನೋಡು" ಎನ್ನುವುದು ರೂಢಿ. ಕನ್ನಡಕ ಹಾಕಿಕೊಳ್ಳಲು ಸೋಮಾರಿತನ, ಅಥವಾ ಅತ್ತೆಯೆಂಬ ದರ್ಪ, ಎಂದು ಸೊಸೆ ಒಳಗೊಳಗೇ ಗೊಣಗುತ್ತ ನೋಡಿ ಕೊಡುತ್ತಿದ್ದಳು. ಈಗ ಅದೂ ನಿಂತುಹೋಗಿತ್ತು. ಒಂದು ಕಿರಿಕಿರಿ ತಪ್ಪಿತೆಂದುಕೊಂಡು ಅವಳು ಅತ್ತ ಗಮನ ಕೊಡಲಿಲ್ಲ. ಗಂಡ ಇಬ್ಬರ ನಡುವೆ ಸಿಕ್ಕಿಕೊಂಡು, ಯಾವ ಕಡೆ ತಿರುಗಿದರೂ ತಪ್ಪು ಎಂಬಂತೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ತಾನು ಒಬ್ಬಳೇ ಊರಿಗೆ ಹೋಗಿ ತಂಗಿಯ ಮನೆಯಲ್ಲಿ ಇರುತ್ತೇನೆ, ಇವಳ ದಾರಿಗೆ ಅಡ್ಡ ಬರುವುದಿಲ್ಲ ಎಂದು ಅಮ್ಮ ಅವನ ಬಳಿ ಹೇಳಿ ಕಣ್ಣೊರೆಸಿಕೊಂಡರಂತೆ.

ರಜೆಯ ದಿನ ಬೆಳಿಗ್ಗೆ ಸೊಸೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಫೋನು ಹೊಡೆದುಕೊಂಡಿತು. ಒಂದು ಸಲ, ಎರಡು ಸಲ, ಮೂರು ಸಲ... ತಲೆಗೆ ಟವೆಲು ಸುತ್ತಿಕೊಂಡು ಓಡಿ ಬಂದವಳು ಕಂಡದ್ದೇನು? ಫೋನಿನ ಪಕ್ಕದಲ್ಲೇ ಅತ್ತೆ ಕುಳಿತಿದ್ದಾರೆ. ಕೈಗಳು ಜೇಬಿನೊಳಗೆ. ಜೇಬಿನ ಒಳಗೇ ಬೆರಳುಗಳು ಚಡಪಡಿಸುತ್ತಿವೆ, ಕಣ್ಣುಗಳು ತುಂಬಿವೆ, ಆದರೆ ಕೈ ಹೊರಗೆ ಬರಲಿಲ್ಲ. ಸೊಸೆಯೇ ಫೋನು ಎತ್ತಿದಳು. ಫೋನು ಮಾಡಿದವಳು ಅದೇ ಮ್ಯಾನೇಜರು. ಇಂದೇ ಬರಲಾಗುತ್ತದೆಯೇ ಎಂದು ಕೇಳಿದಳು.

ಆಫೀಸಿನ ಉದ್ದನೆಯ ಕೋಣೆಯಲ್ಲಿ ರಜೆಯಾದ್ದರಿಂದ ಇಬ್ಬರೇ ಇದ್ದರು: ನೆರೆಗೂದಲಿನ ಮ್ಯಾನೇಜರು, ಮತ್ತು ಪ್ರೋಗ್ರಾಂ ಬರೆದ ಗಡ್ಡದ ಯುವಕ. ಸೊಸೆ ಕೂರುವ ಮೊದಲೇ ಕ್ಷಮೆ ಕೇಳತೊಡಗಿದಳು. ಅತ್ತೆಗೆ ವಯಸ್ಸಾಗಿದೆ, ಮಾತು ನೇರ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಮ್ಯಾನೇಜರು ನಕ್ಕು, ಮನೆಯವರ ಮಾತನ್ನು ನಮ್ಮ ನಿಯಮದಂತೆ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಅದಕ್ಕೇ ನೀವೇ ಬಂದು ತೋರಿಸಿ ಎಂದಳು. ಯಾವ ರೋಗಿಗೆ ಯಾವ ಔಷಧ ಎಂದು ನರ್ಸುಗಳಿಗೆ ಫೋನಿನಲ್ಲಿ ತಿಳಿಸುವ ಪ್ರೋಗ್ರಾಂ ಅದು. ಎಲ್ಲ ಪರೀಕ್ಷೆಯೂ ಮುಗಿದಿದೆ, ಸರಿಯಿದೆ, ಎಂದ ಯುವಕ.

ಸರಿಯಿದೆ ಎಂಬ ಮಾತು ಕೇಳಿದ್ದೇ ತಡ, ಇನ್ಸ್‌ಪೆಕ್ಟರಮ್ಮ ಎಚ್ಚೆತ್ತಳು. ಇನ್ನು ಕಳೆದುಕೊಳ್ಳಲು ಏನಿದೆ ಎಂಬ ಧೈರ್ಯವೂ ಇತ್ತು. ಅದನ್ನೊತ್ತಿ ಇದನ್ನೊತ್ತಿ ನೋಡಿದಳು. ಆಮೇಲೆ ಲಿಫ್ಟಿನ ಗುಂಡಿಗಳು ನೆನಪಾದವೋ ಏನೋ, ಎರಡು ಫೋನು ಕೇಳಿ ತರಿಸಿಕೊಂಡು, ಎರಡರಲ್ಲೂ ಒಂದೇ ರೋಗಿಯ ಪುಟ ತೆರೆದಳು. ಔಷಧ ಕೊಡಬೇಕು ಎಂದು ಎರಡೂ ತೋರಿಸಿದವು. ಎರಡನ್ನೂ ಒಟ್ಟಿಗೆ ಒತ್ತಿದಳು. ಕೊಟ್ಟಾಯಿತು ಎಂದು ಎರಡೂ ಒಪ್ಪಿಕೊಂಡವು. ಒಬ್ಬನೇ ರೋಗಿ, ಎರಡು ಪಾಲು ಔಷಧ!

ಇಬ್ಬರು ನರ್ಸುಗಳು ಒಂದೇ ಸಲ ಹೀಗೆ ಮಾಡುವುದು ಎಲ್ಲಾದರೂ ಉಂಟೇ ಎಂದು ಯುವಕ ವಾದಕ್ಕಿಳಿದ. ಹಳೆಯ ಸಂದರ್ಶನಗಳಲ್ಲಾಗಿದ್ದರೆ ಅವಳು ಮೇಜಿನ ಅಂಚು ಸವರುತ್ತಿದ್ದಳು. ಇಂದು ತಲೆಯೆತ್ತಿದಳು.

"ಉಂಟು. ನಾನೂ ನಮ್ಮತ್ತೇನೂ ಒಂದೇ ಪಾತ್ರೆಗೆ ಎರಡು ಸಲ ಉಪ್ಪು ಹಾಕಿದೀವಿ. ಇಬ್ಬರೂ ಒಳ್ಳೇದಕ್ಕೇ ಹಾಕಿದ್ದು. ಮೊದಲು ಕೈ ಹಾಕಿದವರು ಮುಚ್ಚಳದ ಮೇಲೆ ಸೌಟು ಇಡಬೇಕು. ಅದನ್ನು ನೋಡಿ ಎರಡನೆಯವರು ಸುಮ್ಮನಾಗಬೇಕು. ನಿಮ್ಮ ಪ್ರೋಗ್ರಾಮಿನಲ್ಲಿ ಸೌಟಿಲ್ಲ."

ಯುವಕ ಗಡ್ಡ ಕೆರೆದುಕೊಂಡು ಎರಡೂ ಫೋನುಗಳನ್ನು ತೆಗೆದುಕೊಂಡು ತಾನೇ ಒತ್ತಿ ನೋಡಿದ. ಮ್ಯಾನೇಜರು ಎದ್ದು ನಿಂತು ಕೈ ಚಾಚಿದಳು. ಸೋಮವಾರದಿಂದ ಬನ್ನಿ ಎಂದಳು!

ಲಿಫ್ಟಿನವರೆಗೂ ಜೊತೆಗೆ ಬಂದ ಮ್ಯಾನೇಜರು ತಾನೂ ಮೊದಲು ನರ್ಸಾಗಿದ್ದವಳೆಂದು ಹೇಳಿದಳು. ಕೆಲಸ ಕೇಳಿ ಬಂದ ಉಳಿದವರ ಬಗ್ಗೆ ವಿಚಾರಿಸಿದರೆ ಎಲ್ಲರೂ ಒಂದೇ ರಾಗ, ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಳ್ಳುತ್ತಾರೆ, ಅಂತ. ಹೊಂದಿಕೊಳ್ಳುವುದೇ ಇಲ್ಲ ಎಂದವರು ನಿಮ್ಮ ಅತ್ತೆ ಒಬ್ಬರೇ. ಹೀಗೆಂದು ಅವಳು ದನಿ ತಗ್ಗಿಸಿದಳು.

"ಕೊನೇಲಿ ನಾನು ಕೇಳ್ದೆ, ಇಷ್ಟೆಲ್ಲ ಕಷ್ಟ ಆದ್ರೆ ಅವರ ಜೊತೆ ಹೇಗಿದೀರಿ ಅಂತ. ಅದಕ್ಕೆ ಅವರು, ಅವಳು ನೋಡದೆ ನಾನು ಒಂದು ಮಾತ್ರೇನೂ ಬಾಯಿಗೆ ಹಾಕಲ್ಲ, ಸ್ವಂತ ಮಗ ಕೊಟ್ರೂ ನುಂಗಲ್ಲ, ಅಂದ್ರು."

ಸೊಸೆಯ ಕಣ್ಣು ತುಂಬಿ ಬಂತು. ಹೊಗಳಿಕೆ ಇಷ್ಟು ಕಾಲ ದಿನಾ ಅಂಗೈಯಲ್ಲಿ ಕೂತು ಮೂಗಿನ ಬಳಿಗೇ ಬರುತ್ತಿತ್ತು, ಅವಳೇ ಗುರುತು ಹಿಡಿದಿರಲಿಲ್ಲ... ಮರುಕ್ಷಣವೇ ಅವಳಿಗೆ ಇನ್ನೊಂದು ಹೊಳೆಯಿತು. ಜಗಳವಾದಾಗಿನಿಂದ ಅತ್ತೆ ಅಂಗೈ ಚಾಚಿಯೇ ಇಲ್ಲ. ಹಾಗಾದರೆ...

ಬಸ್ಸಿಳಿದು ಮನೆಯವರೆಗೂ ಓಡಿದಳು. ಅತ್ತೆ ಕಿಟಕಿಯ ಬಳಿ ತಲೆಗೆ ಕೈಕೊಟ್ಟು ಕುಳಿತಿದ್ದರು, ಸ್ವಲ್ಪ ತಲೆಸುತ್ತು ಅಷ್ಟೇ ಎಂದರು. ಸೊಸೆ ಮಾತ್ರೆಯ ಡಬ್ಬ ತೆರೆದು ನೋಡಿದಳು. ಅಂದಿನಿಂದ ಒಂದೂ ಕದಲಿರಲಿಲ್ಲ. ಯಾಕತ್ತೆ ಹೀಗೆ ಮಾಡಿದ್ರಿ ಎಂದರೆ, "ಮಾತು ಬಿಟ್ಟವಳ ಹತ್ರ ಹೇಗಮ್ಮ ಕೇಳೋದು? ನೋಡದೆ ನುಂಗೋಕೆ ಧೈರ್ಯ ಬರಲಿಲ್ಲ," ಎಂದರು ಅತ್ತೆ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ.

ಸೊಸೆ ಫೋನಿನಲ್ಲಿ ಡಾಕ್ಟರನ್ನು ವಿಚಾರಿಸಿದಳು. ಬಿಟ್ಟುಹೋದದ್ದನ್ನು ಸೇರಿಸಿ ಕೊಡಬೇಡಿ, ಇವತ್ತಿನದನ್ನು ಕೊಟ್ಟು ನಾಳೆ ಕರೆತನ್ನಿ ಎಂದರು. ಅವಳು ಅತ್ತೆಯ ಕೈಯನ್ನು ಸ್ವೆಟರಿನ ಜೇಬಿನಿಂದ ತಾನೇ ಹೊರಗೆಳೆದು, ಮಾತ್ರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಆ ಅಂಗೈಯಲ್ಲಿಟ್ಟಳು.

"ಸರಿಯಿದೆ ಅತ್ತೆ. ತಗೊಳ್ಳಿ."

ಅತ್ತೆ ನುಂಗಿ ನೀರು ಕುಡಿದರು. ಆಮೇಲೆ ಸೊಸೆ ಸುದ್ದಿ ಹೇಳಿದಳು. ಸೌಟಿನ ಕತೆ ಕೇಳಿ ಅತ್ತೆ ನಕ್ಕರು, ನಗುನಗುತ್ತಲೇ ಅತ್ತರು, ಅಳುತ್ತಲೇ ಆ ಹುಡುಗನ ಪ್ರೋಗ್ರಾಮಿನಲ್ಲಿ ಬೇರೇನು ತಪ್ಪಿತ್ತು ಎಂದು ಕೇಳಿದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಏನಾಯಿತೆಂದು ಕೇಳಲು ಗಂಡ ಅಂಗಡಿಯಿಂದ ಮಾಡಿದ್ದ. ಅತ್ತೆಯ ಕೈ ಅಭ್ಯಾಸಬಲದಿಂದ ಮೇಲೆದ್ದು ಮತ್ತೆ ಜೇಬಿನ ಕಡೆಗೆ ಹೊರಳಿತು. ಸೊಸೆ ಫೋನನ್ನು ಆಕೆಯ ಕೈಗೇ ಕೊಟ್ಟಳು. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡರು.

"ಹಲೋ. ಇನ್ಸ್‌ಪೆಕ್ಟರಮ್ಮನ ಮನೆ. ಕಾಲೇಜಿನೋರಿಗೆ ಬರಲ್ಲ ಅಂತ ಹೇಳಿಬಿಡಪ್ಪ."

ಆ ದಿನ ಮಗ ಮನೆಗೆ ಬರುವಷ್ಟರಲ್ಲಿ ಅಡುಗೆ ಘಮಘಮಿಸುತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟವನು ಒಮ್ಮೆ ಅಮ್ಮನ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿ, ಒಂದು ಲೋಟ ನೀರನ್ನು ಪೂರ್ತಿ ಕುಡಿದು, ಚೆನ್ನಾಗಿದೆ ಎಂದ.

"ಇವನ ಮಾತು ನಂಬೋ ಹಾಗಿಲ್ಲ," ಎಂದರು ಅತ್ತೆ. "ನೀನು ನೋಡಿ ಹೇಳು."

ಸೊಸೆ ಬೆರಳಲ್ಲಿ ನೆಕ್ಕಿ ನೋಡಿದಳು. ಸಂಭ್ರಮದಲ್ಲಿ ಇಬ್ಬರೂ ಉಪ್ಪು ಹಾಕಿದ್ದರು. ಹಾಗೆಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಅತ್ತೆ ಎದ್ದು ಹೋಗಿ, ಪಾತ್ರೆಗೆ ಮುಚ್ಚಳ ಹಾಕಿ, ಅದರ ಮೇಲೆ ಸೌಟನ್ನು ಇಟ್ಟು ಬಂದರು.