ಉಳಿದ ಇಪ್ಪತ್ತೈದು ನಿಮಿಷ

"ಅದನ್ನ ಮುಟ್ಟಬೇಡಿ."

ಅವಳ ದನಿಗೆ ವಾರ್ಡಿನ ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು. ಕ್ಯಾಮ್‌ಕಾರ್ಡರಿನ ಮೇಲಿದ್ದ ಅವನ ಬೆರಳು ಹಾಗೇ ನಿಂತಿತು.

ಅವನು ಕ್ಯಾಮೆರಾ ರಿಪೇರಿಯವನು. ಅವಳಪ್ಪನ ಕ್ಷೌರದಂಗಡಿಯ ಎದುರಿಗೇ ಅವನ ಅಂಗಡಿ. ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುವ ಅವಳು ಪರದೆಯ ಸಂದಿಯಿಂದ ಅವನನ್ನು ಎಷ್ಟೋ ಸಲ ನೋಡಿದ್ದಳು. ಮಾತಾಡಿದ್ದು ಇದೇ ಮೊದಲು. ಅದೂ ಜಗಳದಲ್ಲಿ...

ನಾಳೆ ಬೆಳಗ್ಗೆ ಅಪ್ಪನ ಗಂಟಲಿನ ಆಪರೇಷನ್. ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದಿದ್ದರು ಡಾಕ್ಟರು. ಅಪ್ಪನ ಮಾತನ್ನು ಹೇಗಾದರೂ ಹಿಡಿದಿಡಬೇಕೆಂದು ಅವಳು ಅವನಿಗೆ ಹೇಳಿಕಳಿಸಿದ್ದಳು. ಅವರಂಥವರ ಫೋನಿಗೆ ಆಗಿನ್ನೂ ಕ್ಯಾಮೆರಾದ ಕಣ್ಣು ಬಂದಿರಲಿಲ್ಲ.

"ಚಿತ್ರ ಚೆನ್ನಾಗಿ ಬರೋ ಎಚ್‌ಡಿಯಲ್ಲೇ ಇತ್ತಲ್ಲ. ನೀವ್ಯಾಕೆ ಎಸ್‌ಡಿಗೆ ಹಾಕಿದ್ರಿ?"

"ಇರೋದು ಒಂದೇ ಕಾರ್ಡು ರೀ. ಮಿಕ್ಕಿದ್ದೆಲ್ಲ ಒಂದು ಮದುವೆಗೆ ಹೋಗಿದೆ. ಎಚ್‌ಡಿ ಆದ್ರೆ ಅದರಲ್ಲಿ ಮುಕ್ಕಾಲು ಗಂಟೆಯಷ್ಟೇ ಹಿಡಿಸತ್ತೆ, ಎಸ್‌ಡಿ ಆದ್ರೆ ಮೂರು ಗಂಟೆ. ಧ್ವನಿ ಎರಡರಲ್ಲೂ..."

"ಮದುವೆಯವರಿಗೆ ಒಳ್ಳೇ ಚಿತ್ರ, ಕ್ಷೌರದಂಗಡಿಯವರಿಗೆ ಮಸುಕು ಚಿತ್ರ. ಅಷ್ಟೇ ತಾನೇ?"

ಅವನ ಮುಖ ಸಣ್ಣದಾಯಿತು. "ನಿಮ್ಮಪ್ಪ, ನಿಮ್ಮಿಷ್ಟ" ಎಂದವನೇ ಎಚ್‌ಡಿಗೆ ತಿರುಗಿಸಿ ಗುಂಡಿ ಒತ್ತಿದ.

ಆಗಲೇ ಆದದ್ದು ಎಡವಟ್ಟು. ನಲವತ್ತು ವರ್ಷ ಒಂದು ಗಳಿಗೆಯೂ ಸುಮ್ಮನಿರದ ಅಪ್ಪ, ಕ್ಯಾಮೆರಾ ಕಂಡದ್ದೇ ತಲೆ ಬಾಚಿಕೊಂಡು ಗೋಡೆಗೆ ತಗುಲಿಹಾಕಿದ ಫೋಟೋದಂತೆ ಬಿಗಿದು ಕೂತುಬಿಟ್ಟರು.

"ಏನಾದ್ರೂ ಮಾತಾಡಪ್ಪ."

"ಏನ್ ಮಾತಾಡ್ಲಿ? ಅದು ಗುರಾಯಿಸ್ತಾ ಇದೆಯಲ್ಲೇ."

ಕ್ಯಾಮೆರಾದ ಪರದೆಯ ಮೇಲೆ ನಿಮಿಷಗಳು ಕರಗುತ್ತಿದ್ದವು. ನಲವತ್ತು... ಮೂವತ್ತು... ಇಪ್ಪತ್ತೈದು. ಮಾತೇ ಇಲ್ಲದೆ ಮುಗಿದುಹೋದರೆ? ನಾಳೆಯಿಂದ ಮನೆಯಲ್ಲಿ ತನ್ನನ್ನು "ಅಮ್ಮಯ್ಯಾ" ಅಂತ ಯಾರು ಕರೆಯುತ್ತಾರೆ?

ಅವಳ ಕಣ್ಣು ತುಂಬಿದ್ದನ್ನು ಅವನು ನೋಡಿದ. ಸ್ಟೂಲು ಎಳೆದು ಅಪ್ಪನಿಗೆ ಬೆನ್ನು ಕೊಟ್ಟು ಕೂತ.

"ಯಜಮಾನ್ರೇ, ಕಿವಿ ಹತ್ರ ಒಂಚೂರು ಸರಿಮಾಡಿ."

"ಸರಿಮಾಡೋಕೆ ಏನಿದೆಯೋ ಅಲ್ಲಿ? ಮೊನ್ನೆ ತಾನೇ ಕತ್ತರಿಸಿದ್ದೀನಿ" ಎನ್ನುತ್ತಲೇ ಅಪ್ಪನ ಕೈ ದಿಂಬಿನಡಿಗೆ ಹೋಯಿತು. ಆಸ್ಪತ್ರೆಗೂ ಬಿಡದೆ ತಂದಿದ್ದ ಬಾಚಣಿಗೆ, ಕತ್ತರಿ ಹೊರಗೆ ಬಂದವು. ಕತ್ತರಿ ಆಡಿದ್ದೇ ತಡ, ಬಾಯಿಯ ಬೀಗವೂ ಬಿಚ್ಚಿತು.

"ನೋಡಮ್ಮಯ್ಯಾ, ಈ ಮಹಾರಾಯ ವಾರಕ್ಕೆ ಎರಡು ಸಲ ಬರ್ತಾನೆ. ನಿನ್ನ ಹೊಲಿಗೆ ಮಷಿನ್ ಓಡ್ತಾ ಇದ್ರೆ 'ನಿಧಾನ ಮಾಡಿ ಯಜಮಾನ್ರೇ' ಅಂತಾನೆ. ಮಷಿನ್ ನಿಂತ್ರೆ ಎದ್ದು ಹೋಗ್ತಾನೆ. ನಾನೇನು ಕುರುಡನಾ?"

ಅವನ ಕಿವಿ ಕೆಂಪಾಯಿತು. ಅವಳಿಗೆ ನಗುವೂ ಬಂತು, ಭಯವೂ ಆಯಿತು. ಅಪ್ಪ ಈಗಷ್ಟೇ ಶುರು ಮಾಡಿದ್ದಾರೆ... ಉಳಿದಿರುವುದು ಇಷ್ಟೇ.

"ರೀ, ಧ್ವನಿ ಎರಡರಲ್ಲೂ ಅಂತ ಏನೋ ಹೇಳ್ತಿದ್ರಲ್ಲ?"

"ಒಂದೇ ಥರ ಬರತ್ತೆ. ಮಸುಕಾಗೋದು ಚಿತ್ರ ಮಾತ್ರ."

ಅಯ್ಯೋ, ಹೋಗುವುದು ಅಪ್ಪನ ದನಿ. ತಾನು ಹಟ ಹಿಡಿದದ್ದು ಮುಖಕ್ಕೆ!

"ಎಸ್‌ಡಿಗೆ ಹಾಕಿ."

ಅವನು ಏಳಹೋದ. "ಅಲ್ಲಾಡಬೇಡ್ವೋ, ಕಿವಿ ಕೈಗೆ ಬರತ್ತೆ" ಎಂದರು ಅಪ್ಪ.

"ನೀವೇ ಮಾಡಿ. ಮೊದಲು ನಿಲ್ಲಿಸಿ... ಮೆನು... ಕೆಳಗಿನ ಸಾಲು..."

ಅವನು ಹೇಳಿದಂತೆ ಅವಳು ಒತ್ತಿದಳು. ಪರದೆ ಒಂದು ಗಂಟೆ ನಲವತ್ತು ನಿಮಿಷ ತೋರಿಸಿತು.

"ಮೊದಲಿಂದು ಅಳಿಸಿದ್ರೆ ಇನ್ನೂ ಜಾಗ ಸಿಗತ್ತೆ" ಎಂದನವನು.

"ಬೇಡ. ಮುಖ ಅದರಲ್ಲಿರಲಿ."

ಕಾರ್ಡು ತುಂಬಿದರೂ ಅಪ್ಪನ ಮಾತು ಮುಗಿಯಲಿಲ್ಲ. ನರ್ಸಮ್ಮ ಬಂದು ಗದರಿದ ಮೇಲೆಯೇ ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತದ್ದು.

"ನಿಮ್ಮನ್ನ ಏನೇನೋ ಅಂದುಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ."

"ಇಲ್ಲ."

"ಅಪ್ಪ ಹೇಳಿದ್ದು... ನಿಜಾನಾ?"

"ನಿಜ. ಒಳಗೆ ಬಂದು ಹೇಳೋ ಧೈರ್ಯ ಇರಲಿಲ್ಲ. ಸದ್ದು ಕೇಳಿಸ್ಕೊಂಡು ಹೋಗ್ತಿದ್ದೆ."

ಅವಳು ಸೆರಗಿನ ತುದಿ ತಿರುಚುತ್ತ ಕೂತಳು.

"ನಾಳೆ ನೆನೆಸ್ಕೊಂಡ್ರೆ ಕೈಕಾಲು ಆಡಲ್ಲ ನನಗೆ."

"ಬೆಳಗ್ಗೆ ಆರಕ್ಕೇ ಬಂದು ನಿಮ್ಮ ಪಕ್ಕ ಕೂತಿರ್ತೀನಿ."

"ನಾಳೆ ಮಾತ್ರಾನಾ?"

"ನೀವು ಎದ್ದು ಹೋಗು ಅನ್ನೋವರೆಗೂ."

"ಹಾಗಾದ್ರೆ ಬಹಳ ವರ್ಷ ಕೂರಬೇಕಾಗತ್ತೆ" ಎಂದಳು ಅವಳು, ಮೆಲ್ಲಗೆ.