ಒಂದು ಸೀಸೆ ರಂಜಕ

೧೯೭೬ನೇ ಇಸವಿ ಡಿಸೆಂಬರ್ ೧೧ರ ಬೆಳಿಗ್ಗೆ ಏಳೂಕಾಲಿಗೆ ಹುಮನಾಬಾದ ಠಾಣೆಯ ಮೆಟ್ಟಿಲು ಹತ್ತಿದ ಲಲಿತಾಬಾಯಿಯ ಸೆರಗಿನಲ್ಲಿ ಗಂಡನ ರಕ್ತವಿತ್ತು. ಘಾಟಬೋರಾಳದ ಜಮೀನುದಾರ ಮಹಾರುದ್ರಪ್ಪ ನಸುಕಿನಲ್ಲಿ ಜೋಳಕ್ಕೆ ನುಗ್ಗಿದ ಹಂದಿಗೆ ಗುರಿಯಿಟ್ಟಿದ್ದ. ಹಂದಿ ಉಳಿಯಿತು, ಬಂದೂಕು ಒಡೆಯಿತು. ಎಡಗೈಯ ಮೂರು ಬೆರಳು ಹೋಗಿದ್ದವು. ಈಗ ಅವನು ದವಾಖಾನೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ.

"ಕಲ್ಯಾಣದ ಖುರ್ಷೀದ್ ಬೇಗಂ ತುಂಬಿಕೊಟ್ಟ ಬಂದೂಕಿನ ತೋಟಾರಿ. ಅಕಿನ ಏನೋ ಮಾಡ್ಯಾಳ. ಬರಕೊಳ್ರಿ," ಎಂದಳು.

"ಎಷ್ಟು ತೋಟಾ?" ಫೌಜದಾರ ನರಸಿಂಗರಾವ್ ಕೇಳಿದರು.

"ಐದ್ರಿ. ಹಿತ್ತಾಳೀವು. ಹಾರಿಸಿದ ಮ್ಯಾಲ ಅವನ್ನೇ ಮತ್ತ ತುಂಬಸ್ತಾರ."

ಹವಾಲ್ದಾರ ಮಾರುತಿ ಎಫ್‌ಐಆರ್ ಬರೆದ. ಅವನು ಗದಗಿನ ಕಡೆಯವನು. ಈ ಸೀಮೆಗೆ ಬಂದು ನಾಲ್ಕೇ ತಿಂಗಳು.

ಒಂಬತ್ತೂವರೆಗೆ ಪಂಚನಾಮೆ ಆಯಿತು. ಬಂದೂಕಿನ ನಳಿಗೆ ಒಣಗಿದ ಅವರೆಕಾಯಿಯಂತೆ ಸೀಳಿತ್ತು. ಒಡೆದ ಬಂದೂಕಿನಲ್ಲಿ ಒಂದು ತೋಟಾ, ಮನೆಯ ತಗಡಿನ ಡಬ್ಬಿಯಲ್ಲಿ ಎರಡು. ಇನ್ನೆರಡು ಎಲ್ಲಿಯೂ ಇರಲಿಲ್ಲ. ಯಾರಿಗೆ ಕೊಟ್ಟಿದ್ದನೋ ಮಹಾರುದ್ರಪ್ಪನೊಬ್ಬನೇ ಬಲ್ಲ.

"ಆದ ಗಾಯ ಆಗಿ ಹೋತು ಮಾರುತಿ," ಎಂದರು ನರಸಿಂಗರಾವ್. "ಆ ಎರಡು ಯಾರ ಕೈಯಾಗ ಅವ, ಅದನ್ನ ಮೊದಲ ಹುಡುಕು."

ಆ ಮಾತು ಮಾರುತಿಯ ಎದೆಯೊಳಗೆ ಮುಳ್ಳಿನಂತೆ ಮುರಿದು ಕೂತಿತು.

ಮಹಾರುದ್ರಪ್ಪನ ಮನೆಗೆಲಸದ ಸರುಬಾಯಿ ಅಂಗಳ ಗುಡಿಸುತ್ತಿದ್ದಳು. ಮಾರುತಿ ಅವಳನ್ನು ಕೇಳಿದ:

"ಖಾಲಿ ತೋಟಾ ಕಲ್ಯಾಣಕ್ಕ ಯಾರು ಒಯ್ತಾರಬೇ?"

"ಪಂಡರಿ ಒಯ್ತಾನ್ರಿ. ಕುರಿ ಕಾಯಾಂವ. ಸಂತಿಗೆ ಹೋದಾಗ ತುಂಬಿಸ್ಕೊಂಡು ಬರ್ತಾನ."

"ಹ್ಯಾಂಗ ಮನುಷ್ಯಾ?"

"ಇರಿವಿ ತುಳಿಯಾಂವ ಅಲ್ರಿ. ದಸರಾದಾಗ ಒಂದ್ ಸೀಸೆ ರಂಜಕ ತಂದಿಟ್ಟಾನ, ಅದನ್ನಷ್ಟ ಯಾರಿಗೂ ಮುಟ್ಟಗೊಡವೊಲ್ಲ."

ಮಾರುತಿಯ ಬಾಯಲ್ಲಿ ನೀರೂರಿತು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಅವ್ವನ ಒರಳು ಎಲ್ಲವೂ ನೆನಪಾದವು.

"ಒಬ್ಬನ ತಿಂತಾನೇನು? ರೊಟ್ಟಿಗೆ ನಮಗೂ ಒಂದೀಟು ಕೊಡಂತ ಹೇಳು."

ಸರುಬಾಯಿ ಕಸಬರಿಗೆ ಹಿಡಿದಂತೆಯೇ ಅವನನ್ನು ನೋಡಿದಳು. "ತಿಂದ್ರ ಹೊಟ್ಟಿ ಹಾರಿ ಹೋಗತದ್ರಿ ಸಾಹೇಬ್ರ!"

"ಭಾರೀ ಖಾರ ಇರಬೇಕು ಹಂಗಾರ," ಎಂದು ನಕ್ಕು ಮಾರುತಿ ಜೀಪು ಹತ್ತಿದ. ಆ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ಹನ್ನೆರಡು ನಲವತ್ತು. ಬಸವಕಲ್ಯಾಣದ ಕೋಟೆಯ ಕೆಳಗಿನ ಗಲ್ಲಿಯಲ್ಲಿ ಖುರ್ಷೀದ್ ಬೇಗಂ ಕನ್ನಡಕ ಏರಿಸಿಕೊಂಡು ಕೂತಿದ್ದಳು. ಬಂದೂಕು ದುರಸ್ತಿ ಮಾಡುತ್ತಿದ್ದ ಗಂಡ ತೀರಿದ ಮೇಲೆ ಲೈಸೆನ್ಸು, ಕಸುಬು ಎರಡೂ ಅವಳ ಪಾಲಿಗೆ ಬಂದಿದ್ದವು. ದೂರಿನ ಮಾತು ಕೇಳಿ ಮುದುಕಿ ಗಾಬರಿಯಾಗಲಿಲ್ಲ. ಇಬ್ಬರು ಪಂಚರ ಎದುರಿಗೆ, ಮಾರುತಿ ತಂದಿದ್ದ ಡಬ್ಬಿಯ ಒಂದು ತೋಟಾ ಬಿಚ್ಚಿದಳು. ಮದ್ದಿನ ಮೇಲೆ ಒತ್ತಿ ಕೂರಿಸಿದ್ದ ಬಿಲ್ಲೆಯನ್ನು ಚಿಮಟಿಯಿಂದ ಎತ್ತಿದಳು.

"ಇದು ನಂದಲ್ಲ. ನಾನು ಕುದುರಿ ಜೀನಿನ ಕೆಳಗ ಹಾಸೂ ನಮ್ದಾ ಕತ್ತರಿಸಿ ಹಾಕ್ತೀನಿ. ಇದು ಕಂಬಳಿ."

ಆಮೇಲೆ ಮದ್ದನ್ನು ಕಾಗದಕ್ಕೆ ಸುರಿದು ಬೆರಳಲ್ಲಿ ಹೊಸೆದಳು.

"ನನ್ನ ಬಾರೂದ್ ಸಾಸಿವಿ ಕಾಳಿನಷ್ಟು ದಪ್ಪ. ಇದು ನೋಡು ಬೇಟಾ, ಖಸಖಸಿಗಿಂತ ಬಾರೀಕ್. ದಪ್ಪ ಕಾಳು ತಡದು ತಡದು ಉರೀತದ, ಗುಂಡಿನ್ನ ನೂಕತದ. ಬಾರೀಕ್ ಕಾಳಿಗೆ ಸಿಟ್ಟು ಜಾಸ್ತಿ, ಒಮ್ಮಿಗೇ ಉರೀತದ. ಹಳೇ ನಳಿಗಿ ತಡಕೊಳ್ಳೂದಿಲ್ಲ. ಇದು ತೋಟಾಕ್ಕ ಅಲ್ಲ, ಬತ್ತಿ ಹಚ್ಚೂ ಹಳೇ ಬಂದೂಕಿನ ಕಿವಿಗೆ ಒಂದ್ ಚಿಟಿಕಿ ಹಾಕೂದು. ರಂಜಕ ಅಂತಾರ."

ಮಾರುತಿಯ ಕೈಯ ಪೆನ್ಸಿಲು ನಿಂತಿತು.

"ಏನಂದ್ರಿ?"

"ರಂಜಕ."

"ನಮ್ಮ ಕಡೆ ರಂಜಕ ಅಂದ್ರ ಚಟ್ನಿರಿ!"

"ತೌಬಾ! ಯಾರರ ರೊಟ್ಟಿಗೆ ಹಚ್ಕೊಂಡೀರಿ."

"ಪಂಡರಿಗೆ ಕೊಟ್ಟಿದ್ರೇನು?"

"ಹೌದು. ದಸರಾಕ್ಕ ಬಂದಿದ್ದ. ಮುತ್ಯಾನ ಬಂದೂಕು ಆಯುಧ ಪೂಜಾದಾಗ ಹಾರಸ್ತೀನಿ ಅಂದ. ದೇವರ ಕೆಲಸ ಅಂತ ಕೊಟ್ಟೆ."

ಜೀಪು ಹುಮನಾಬಾದಿಗೆ ತಿರುಗಿತು. ಮಾರುತಿ ತಲೆ ತಗ್ಗಿಸಿ, ಬೆಳಿಗ್ಗೆಯೇ ಕಿವಿಗೆ ಬಿದ್ದದ್ದನ್ನು ಒಪ್ಪಿಕೊಂಡ. ನರಸಿಂಗರಾವ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ದವಾಖಾನೆಯಲ್ಲಿ ಮಹಾರುದ್ರಪ್ಪನಿಗೆ ಸ್ವಲ್ಪ ಎಚ್ಚರವಾಗಿತ್ತು.

"ಎರಡು... ತಮ್ಮ ಬಸವಣಪ್ಪ ಒಯ್ದಾನ. ಚಿಟಗುಪ್ಪಾದ ಕಡೆ ಹೊಲಕ್ಕ. ಹೊತ್ತು ಮುಣಗೂ ಮುಂದ ಹಂದಿ ಕಾಯಾಕ ಮಂಚಿಗಿ ಏರತಾನ."

"ಯಾವ ಹೊಲ?"

ಮತ್ತೆ ಮಂಪರು. ಗೋಡೆಯ ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ಡಿಸೆಂಬರಿನ ಹೊತ್ತು ಯಾರಿಗೂ ಕಾಯುವುದಿಲ್ಲ.

ನಾಲ್ಕು ಮುಕ್ಕಾಲಿಗೆ ಘಾಟಬೋರಾಳದ ಹಾದಿಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಪಂಡರಿ ಸಿಕ್ಕ. ಹೆಗಲ ಕಂಬಳಿಯ ಅಂಚಿನಲ್ಲಿ ಬಿಲ್ಲೆ ಕತ್ತರಿಸಿದ ದುಂಡನೆಯ ತೂತುಗಳಿದ್ದವು.

"ತೋಟಾ ತಂದಾಂವ ನೀನ?" ಮಾರುತಿ ಕೇಳಿದ.

"ಹೌದ್ರಿ."

"ದಾರ್ಯಾಗ ಬಿಚ್ಚಿದಿ?"

"ಇಲ್ರಿ."

"ರಂಜಕ ಎಲ್ಲೈತಿ?"

"ಪೂಜಾಕ್ಕ ಮುಗೀತ್ರಿ."

ನರಸಿಂಗರಾವ್ ಮೆಲ್ಲಗೆ ಹೇಳಿದರು: "ಎರಡು ತೋಟಾ ಬಸವಣಪ್ಪ ಒಯ್ದಾನ, ಪಂಡರಿ. ಚಿಟಗುಪ್ಪಾದ ಕಡೆ."

ಪಂಡರಿಯ ಕೈಯ ಕೋಲು ಬಿತ್ತು. "ಸಣ್ಣ ಧಣೀನಾ? ನನ್ನ ಹೇಂತಿ ಸಖುಬಾಯಿನ್ನ ಬಂಡ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದಾಂವ ಅಂವೊಬ್ಬನ ಇದ್ದಾನ್ರಿ... ಐದಕ್ಕೂ ರಂಜಕ ತುಂಬೀನ್ರಿ. ಆ ಹೊಲ ನಾ ಬಲ್ಲೆ. ಜೀಪ್ ತಗೀರಿ!"

ಕುರಿಗಳನ್ನು ಹಾದಿಯಲ್ಲೇ ಬಿಟ್ಟು ಅವನು ಜೀಪು ಏರಿದ. ಗಾಡಿಜಾಡು ಮುಗಿದಲ್ಲಿ ಮೂವರೂ ಓಡಿದರು. ಐದು ನಲವತ್ತು. ದೂರದ ಮಂಚಿಕೆಯ ಮೇಲೆ ಬಸವಣಪ್ಪ ಬಂದೂಕು ಹೆಗಲಿಗೇರಿಸಿ ನಿಂತಿದ್ದ. ಕೆಳಗೆ ಜೋಳ ಅಲುಗುತ್ತಿತ್ತು. ಮಾರುತಿ ಸೀಟಿ ಊದಿದ. ಎದುರುಗಾಳಿಗೆ ಅದು ಮುಟ್ಟಲಿಲ್ಲ.

ಪಂಡರಿ ನೆಟ್ಟಗೆ ಜೋಳದೊಳಗೆ ನುಗ್ಗಿದ. ಬಂದೂಕಿನ ಬಾಯಿಗೇ ಎದುರಾಗಿ ಎರಡೂ ಕೈ ಎತ್ತಿ ಕೂಗಿದ:

"ಹಂದಿ ಅಲ್ರೀ ಧಣೀ! ಮನುಷ್ಯಾ! ಮನುಷ್ಯಾ!"

ನಳಿಗೆ ನಿಧಾನಕ್ಕೆ ಕೆಳಗಿಳಿಯಿತು.

ಸಂಜೆ ಆರು ಹತ್ತಕ್ಕೆ ಎರಡೂ ತೋಟಾ ಜಪ್ತಿಯಾದವು, ಪಂಡರಿಯ ದಸ್ತಗಿರಿಯಾಯಿತು. ಠಾಣೆಯಲ್ಲಿ ಅವನು ಚಹಾ ಮುಟ್ಟಲಿಲ್ಲ.

"ಸಖುಬಾಯಿಗೆ ಏನಾಗಿತ್ತು?" ನರಸಿಂಗರಾವ್ ಕೇಳಿದರು.

"ಹೋದ ವರ್ಷ ಜೋಳದಾಗ ಕಸ ಕೀಳಾಕತ್ತಿದ್ಲು. ದೊಡ್ಡ ಧಣಿ ಹಾರಿಸಿದ. ಒಂದು ಕಣ್ಣು ಹೋತು. ಊರ ಹಿರೇರು ಕೂತ್ರು. ಹಂದಿಗೆ ಹೊಡದದ್ದು, ಮನುಷ್ಯಾರಿಗಲ್ಲ, ಅದು ಗುನ್ಹಾ ಅಲ್ಲ ಅಂದ್ರು." ಪಂಡರಿ ಚಹಾದ ಲೋಟ ದೂರ ಸರಿಸಿದ. "ನಾನೂ ಹಂಗ ಅನ್ಕೊಂಡ್ನಿ ಸಾಹೇಬ. ಬಂದೂಕಿಗೆ ಮಾಡಿದ್ದು, ಮನುಷ್ಯಾಗಲ್ಲ ಅಂತ."

ಮಾರುತಿ ಫೌಜದಾರರ ಮುಖ ನೋಡಿದ, ಅವರು ತಲೆಯಾಡಿಸಿದರು. ಅವನು ಹೊಸದೊಂದು ಎಫ್‌ಐಆರ್ ಹಾಳೆ ತೆಗೆದು ಕಾರ್ಬನ್ ಇಟ್ಟ. ಈ ಸಲ ಒಂದೊಂದು ಅಕ್ಷರವನ್ನೂ ಕೇಳಿ ಕೇಳಿ ಬರೆಯತೊಡಗಿದ. ಫಿರ್ಯಾದಿ: ಸಖುಬಾಯಿ ಗಂಡ ಪಂಡರಿ. ಸ್ಥಳ: ಜೋಳದ ಹೊಲ.