ನಿಶಾಪತಿ ಹಾಲ್ದಾರ್ ಕಾಣೆಯಾದದ್ದು

ಮಂಗಳವಾರ ಸಂಜೆ ಐದೂಮುಕ್ಕಾಲಿಗೆ ವಾಯವ್ಯ ಸಿಡ್ನಿಯ ಠಾಣೆಗೆ ಫೋನ್ ಬಂತು. ದಿ ಪಾಂಡ್ಸ್ ಸಬರ್ಬಿನ ಮನೆಯೊಂದರಲ್ಲಿ ಕಳವು. ದೂರು ಕೊಟ್ಟವರು ಮಹಾಶ್ವೇತಾ ಲಾಹಿರಿ, ಎಪ್ಪತ್ತೆರಡು ವರ್ಷ, ಗಂಡ ತೀರಿಕೊಂಡಿದ್ದಾರೆ, ಮಗನ ಜತೆ ವಾಸ. ನಮ್ಮೂರಾಗಿದ್ದರೆ ಎಫ್‌ಐಆರ್ ಅನ್ನುತ್ತಿದ್ದರು. ಇಲ್ಲಿ ಕಂಪ್ಯೂಟರಿನಲ್ಲಿ ಒಂದು ಇವೆಂಟ್ ನಂಬರ್ ಹುಟ್ಟುತ್ತದೆ, ಅಷ್ಟೇ. ಪಂಚನಾಮೆಗೆ ಪಂಚರನ್ನು ಹುಡುಕಿಕೊಂಡು ಬೀದಿ ಅಲೆಯುವ ಗೋಜೂ ಇಲ್ಲ; ಎದೆಗೆ ಸಿಕ್ಕಿಸಿಕೊಂಡ ಕ್ಯಾಮೆರಾನೇ ಪಂಚ.

ಕಳವಾದದ್ದು ಏನೆಂದು ಕೇಳಿದ ಕೂಡಲೇ ಡಿಟೆಕ್ಟಿವ್ ಸಾರ್ಜೆಂಟ್ ಸುದರ್ಶನ್ ತಾನೇ ಹೊರಟ. ನಿಶಾಪತಿ ಹಾಲ್ದಾರ್ ಎಂದರೆ ಬಂಗಾಳಿ ಕತೆಗಳ ಪತ್ತೇದಾರ, ಮನೆಮನೆಯ ಮಾತು. ದಾವಣಗೆರೆಯ ಲೈಬ್ರರಿಯಲ್ಲಿ ಆ ಕತೆಗಳ ಕನ್ನಡ ಅನುವಾದ ಓದೀ ಓದೀ ಸುದರ್ಶನನಿಗೆ ಪೊಲೀಸ್ ಹುಚ್ಚು ಹಿಡಿದದ್ದು. ಆಮೇಲೆ ಓದಲೆಂದು ಸಿಡ್ನಿಗೆ ಬಂದು, ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆದು, ಸಿಟಿಜನ್ ಆಗಿ, ಕಡೆಗೆ ಖಾಕಿ ಬದಲು ನೀಲಿ ತೊಟ್ಟ. ನಿಶಾಪತಿಗೆ ಮೊದಲ ಬಾರಿ ಮುಖ ಕೊಟ್ಟ ಚಿತ್ರ, 1968ರ ಪುಸ್ತಕದ ಹೊದಿಕೆಗೆ ಬರೆದ ಮೂಲ ಹಾಳೆ, ಈ ಮನೆಯಲ್ಲಿತ್ತು; ಕಳವಾದದ್ದು ಅದೇ. ಅದನ್ನು ಬರೆದ ಹೆಸರಾಂತ ಚಿತ್ರಕಾರರ ಮಗಳೇ ಮಹಾಶ್ವೇತಾ. ಮುಂದಿನ ವಾರ ಚಿತ್ರ ಮೆಲ್ಬರ್ನಿನ ಪ್ರದರ್ಶನಕ್ಕೆ ಹೋಗಬೇಕಿತ್ತು. ಮಗ ಶೌಮಿಕ್ ಓಡಾಡಿ ಒಪ್ಪಿಸಿದ್ದ.

ಹಾಲ್‌ನಲ್ಲಿ ಖಾಲಿ ಚೌಕಟ್ಟು ನೆಲದ ಮೇಲಿತ್ತು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

"ನೀವೆಲ್ಲಿದ್ರಿ ಅಮ್ಮ?"

"ಮೂರಕ್ಕೆ ವಾಕಿಂಗ್ ಹೋದೆ. ಕೆರೆ ಹತ್ರ ಕೂತಿದ್ದೆ. ಬಂದಾಗ ಐದು ದಾಟಿತ್ತು."

ಗಂಡನಿಗೆ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸವಿದ್ದುದರಿಂದ ಮೂವತ್ತು ವರ್ಷ ಅಲ್ಲೇ ಸಂಸಾರ ಮಾಡಿದವರು. ಕನ್ನಡ ನೀರು ಕುಡಿದಷ್ಟು ಸಲೀಸು.

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ," ಎಂದರು, ಕಣ್ಣು ಬೇರೆ ಕಡೆ ತಿರುಗಿಸಿ.

ಬುಧವಾರ ಬೆರಳಚ್ಚಿನ ವರದಿ ಬಂತು. ಮನೆಯವರದು ಬಿಟ್ಟರೆ ಚೌಕಟ್ಟಿನ ತುಂಬ ಒಬ್ಬನದೇ ಕೈ; ಬಂದುಹೋಗುವವರ ಅಚ್ಚಿನ ಜತೆ ಹೋಲಿಸಿದಾಗ ಯಾರೆಂದು ಗೊತ್ತಾಯಿತು. ಪಕ್ಕದ ಮನೆಯ ಚಂದ್ರಶೇಖರ್ ಹತ್ತಿರ ರೂಮ್ ಬಾಡಿಗೆಗಿದ್ದ ಮನೋಜ್, ಚಿತ್ರದುರ್ಗದ ಹುಡುಗ. ಇಲ್ಲೇ ಓದಿ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತ ಪಿಆರ್ ಅರ್ಜಿ ಹಾಕಿ ಕಾಯುತ್ತಿದ್ದ. ಬಿಡುವಿದ್ದಾಗ ಮಹಾಶ್ವೇತಾರಿಗೆ ತರಕಾರಿ ತಂದುಕೊಡುವುದು, ಫೋನ್ ಸರಿಮಾಡಿಕೊಡುವುದು ಅವನೇ.

"ಫ್ರೇಮ್ ಮುಟ್ಟಿದ್ದು ಯಾಕೆ?"

"ಆಂಟಿನೇ ಇಳಿಸಿಕೊಡು ಅಂದ್ರು ಸರ್, ಧೂಳು ಒರೆಸ್ಬೇಕು ಅಂತ. ನಿನ್ನೆ ಮೂರೂವರೆ ಮೇಲೆ."

"ಆಗ ಅವರು ಮನೆಯಲ್ಲೇ ಇರಲಿಲ್ಲ."

"ಇದ್ರು ಸರ್. ಟೀ ಮಾಡ್ಕೊಟ್ರು."

ಮಹಾಶ್ವೇತಾರನ್ನು ಕೇಳಿದರೆ, "ನೆನಪಿಲ್ಲ. ನಾನು ಕೆರೆ ಹತ್ರ ಇದ್ದೆ," ಅಷ್ಟೇ.

ಚಂದ್ರಶೇಖರ್ ಮೈಸೂರಿನವರು, ಐಟಿಯವರು. ಗೇಟಿನ ಹತ್ತಿರವೇ ಸುದರ್ಶನನನ್ನು ತಡೆದು ದನಿ ತಗ್ಗಿಸಿದರು. "ನಮ್ಮ ಕಡೆ ಹುಡ್ಗ ಅಂತ ರೂಮ್ ಕೊಟ್ಟೆ. ಮನೇಲಿ ಹೆಣ್ಮಕ್ಕಳಿದ್ದಾರೆ ಸರ್. ಶನಿವಾರಕ್ಕೆ ಖಾಲಿ ಮಾಡು ಅಂದಿದ್ದೀನಿ. ನನ್ನ ಕ್ಯಾಮೆರಾದಲ್ಲಿ ಏನಾದ್ರೂ ಇದ್ರೆ ತಗೊಳ್ಳಿ."

ಅವರ ಡ್ರೈವ್‌ವೇ ಕ್ಯಾಮೆರಾಕ್ಕೆ ಪಕ್ಕದ ಮನೆಯ ಬಾಗಿಲು ಕಾಣುವುದಿಲ್ಲ. ಮುಂದೆ ಏನಾದರೂ ಹಾದುಹೋದರೆ ಮಾತ್ರ ಅದು ಎಚ್ಚರಾಗುತ್ತದೆ. ಅವತ್ತು ಪಾರ್ಸೆಲ್ ವ್ಯಾನ್ ಹಾದು ಅರ್ಧ ನಿಮಿಷ ದಾಖಲಾಗಿತ್ತು. ಸಮಯ 4:10. ವ್ಯಾನ್ ಸದ್ದಿನ ಹಿಂದೆ ಎರಡು ದನಿ ಕೇಳುತ್ತಿತ್ತು. ಅದನ್ನು ಬರೆದಿಡಲು ಸುದರ್ಶನ್ ಕಾನ್‌ಸ್ಟೇಬಲ್ ಸಿಂಚನಾಗೆ ಒಪ್ಪಿಸಿದ. ಸಿಡ್ನಿಯ ಕೆಲ್ಲಿವಿಲ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ; ಕನ್ನಡ ಅರ್ಥವಾಗುತ್ತದೆ. ಅಧಿಕೃತ ಅನುವಾದಕ್ಕೆ ವಾರ ಕಾಯಬೇಕಿತ್ತು. ತಾನು ಗುರುವಾರದ ಮೊದಲ ವಿಮಾನಕ್ಕೆ ಮೆಲ್ಬರ್ನಿಗೆ ಹೊರಟ. ಚಿತ್ರದ ಬೆಲೆ ಬಲ್ಲವರು ಇದ್ದದ್ದು ಅಲ್ಲಿ, ಅನುಮಾನ ಅವರನ್ನೂ ಬಿಡುವಂತಿರಲಿಲ್ಲ.

ಗ್ಯಾಲರಿಯ ಮೇಲ್ವಿಚಾರಕಿ ಹೆಲೆನ್ ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರಿಸಿದಳು.

"ಚಿತ್ರ ಬಂದಮೇಲೆ ಏನು ಮಾಡುತ್ತಿದ್ದಿರಿ?"

"ಫ್ರೇಮಿನಿಂದ ತೆಗೆದು ವಿಶೇಷ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತೇವೆ. ಶಾಯಿಯ ಕೆಳಗಿನ ಪೆನ್ಸಿಲ್ ಗೆರೆ ಕಾಣುತ್ತದೆ. ಅದೇ ವರ್ಷ ಅವರು ಬರೆದ ಇನ್ನೆರಡು ಹಾಳೆ ನಮ್ಮಲ್ಲಿವೆ, ಪಕ್ಕದಲ್ಲಿಟ್ಟು ಹೋಲಿಸುವುದು."

"ಇದು ಮನೆಯವರಿಗೆ ಗೊತ್ತಿತ್ತೇ?"

"ಮಗ ಸಂತೋಷವಾಗಿ ಒಪ್ಪಿದರು. ತಾಯಿ ಮಾತ್ರ ಮೇಲಿಂದ ಮೇಲೆ ಫೋನ್ ಮಾಡಿದರು. ಫ್ರೇಮ್ ಬಿಚ್ಚದೆ ಹಾಗೇ ತೂಗುಹಾಕಲು ಆಗುವುದಿಲ್ಲವೇ ಅಂತ."

ತಾಯಿಗೇಕೆ ಆ ಭಯ ಎಂದು ಸುದರ್ಶನ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಏರ್‌ಪೋರ್ಟಿಗೆ ಬರುವಷ್ಟರಲ್ಲಿ ಸಿಂಚನಾಳ ಮೆಸೇಜ್ ಬಂದಿತ್ತು. ದನಿ ತನ್ನದೇ ಎಂದು ಮನೋಜ್ ಒಪ್ಪಿದ್ದಾನೆ. ಅವನನ್ನು ಅರೆಸ್ಟ್ ಮಾಡಿ, ಚಾರ್ಜ್ ಹಾಕಿ, ಬೇಲ್ ಕೊಟ್ಟಾಗಿದೆ. ಕೆಳಗೆ ಅವಳ ಅನುವಾದ ಇಂಗ್ಲಿಷಿನಲ್ಲಿ: ಗಂಡಸು, 'ನಾನು ಬರುತ್ತಿದ್ದೇನೆ ಆಂಟಿ.' ಹೆಂಗಸು, ಬಂಗಾಳಿಯಲ್ಲಿ (ಠಾಣೆಯ ಬಂಗಾಳಿ ಸಹೋದ್ಯೋಗಿ ಅರ್ಥ ಹೇಳಿದ್ದು), 'ಬಾ.' ಅವಳ ಲೆಕ್ಕದಲ್ಲಿ, ಮನೆಯವರು ಇಲ್ಲದಾಗ ಒಳಗಿದ್ದ ಹೆಂಗಸೊಬ್ಬಳು ಕಳ್ಳನನ್ನು ಕರೆದುಕೊಂಡಿದ್ದಾಳೆ. ಅವಳನ್ನು ಹುಡುಕುವುದೊಂದೇ ಬಾಕಿ.

ಅವನು ಕೂಡಲೇ ಫೋನ್ ಮಾಡಿದ. "ಸಿಂಚನಾ, ಕನ್ನಡದಲ್ಲಿ ಅವನು ಅಂದದ್ದೇನು? ಇದ್ದ ಹಾಗೇ ಹೇಳು."

"'ಬರ್ತೀನಿ ಆಂಟಿ' ಅಂದ ಸಾರ್ಜ್. ಐ ಆಮ್ ಕಮಿಂಗ್. ಸಿಂಪಲ್ ಅಲ್ವಾ?"

"ನಿಮ್ಮನೆಗೆ ಬಂದೋರು ಹೊರಡುವಾಗ ಏನಂತಾರೆ?"

"ಬೈ ಅಂತಾರೆ."

"ನಿಮ್ಮಜ್ಜಿ?"

ಅವಳು ಸಣ್ಣ ದನಿಯಲ್ಲಿ, "ಏರ್‌ಪೋರ್ಟಲ್ಲಿ, ಇಂಡಿಯಾಗೆ ವಾಪಸ್ ಹೋಗುವಾಗ, 'ಬರ್ತೀನಿ ಪುಟ್ಟಿ' ಅಂದ್ರು. ಹೋಗ್ತಾ ಇದ್ದಾರೆ, ಬರ್ತೀನಿ ಯಾಕಂತಾರೆ ಅಂತ ಅಮ್ಮನ್ನ ಕೇಳಿದ್ದೆ. ಅಯ್ಯೋ ಸಾರ್ಜ್."

"ಅಯ್ಯೋ ಅಂದ್ರೆ ಆಯ್ತಾ? ಅವನು ಒಳಗೆ ಹೋಗ್ತಾ ಇರಲಿಲ್ಲ ಮಾರಾಯ್ತಿ, ಹೊರಗೆ ಬರ್ತಾ ಇದ್ದ."

ಬೈದರೂ ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಆಡಿಯೋ ಒಂದು ಸಲ ತಾನೇ ಕೇಳಿದ್ದರೆ ಮುಗಿಯುತ್ತಿತ್ತು. ಆ ಹುಡುಗನ ಫೈಲಿಗೆ ಒಂದು ಚಾರ್ಜ್ ಅಂಟಿತು, ಪಿಆರ್ ಅರ್ಜಿಗೆ ಅದನ್ನು ತಿಳಿಸಲೇಬೇಕು, ಆಮೇಲೆ ಅವನ ಆರು ವರ್ಷದ ದುಡಿಮೆ ಮಣ್ಣುಪಾಲು. ಸುದರ್ಶನನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಹೊರಡುವವನು ಹೇಳಿ ಹೊರಡಬೇಕಾದರೆ ಮನೆಯಲ್ಲಿ ಹೇಳಿಸಿಕೊಳ್ಳುವವರು ಇರಬೇಕು. ಆ ಹೆಂಗಸು ಯಾರು?

ಶುಕ್ರವಾರ ಬೆಳಿಗ್ಗೆ ಸಿಂಚನಾಳನ್ನು ಕರೆದುಕೊಂಡು ದಿ ಪಾಂಡ್ಸ್‌ಗೆ ಹೋದ. ಶೌಮಿಕ್ ನಾರ್ತ್ ಸಿಡ್ನಿಯ ಆಫೀಸಿಗೆ ಹೋಗಿದ್ದ. ಮಹಾಶ್ವೇತಾ ಟೀ ತಂದಿಟ್ಟರು. ಸುದರ್ಶನ್ ಮೆಲ್ಬರ್ನಿನ ಚಳಿ, ಮೊಣಕಾಲು ನೋವು ಅಂತ ಊರ ಸುದ್ದಿಯೆಲ್ಲ ಮಾತಾಡಿದ. ಕೇಸಿನ ಮಾತೇ ಎತ್ತಲಿಲ್ಲ. ಕಪ್ ಕೆಳಗಿಟ್ಟು ಎದ್ದ.

"ಸರಿ ಅಮ್ಮ, ಬರ್ತೀನಿ."

"ಎಶೋ ಬಾಬಾ," ಎಂದರು ಅವರು, ಬಾಯಿಗೆ ರೂಢಿಯಾದ ಹಾಗೆ.

ಅವನು ಹೊರಡಲಿಲ್ಲ, ಮತ್ತೆ ಕೂತ. "ಎಶೋ ಅಂದ್ರೆ?"

"ಬಾ ಅಂತ. ಹೋಗು ಅನ್ನಬಾರದಲ್ಲ. ನಿಮ್ಮಲ್ಲಿ ಹೋಗಿ ಬಾ ಅಂತೀರಿ, ಹಾಗೆ."

ಸುದರ್ಶನ್ ಫೋನ್ ಟೇಬಲ್ ಮೇಲಿಟ್ಟು ಒತ್ತಿದ. ವ್ಯಾನಿನ ಸದ್ದು. ಮನೋಜನ ದನಿ, "ಬರ್ತೀನಿ ಆಂಟಿ." ಅದರ ಹಿಂದೆಯೇ, "ಎಶೋ ಬಾಬಾ."

ಮಹಾಶ್ವೇತಾ ಟೀ ಕಪ್ಪುಗಳನ್ನು ಒಂದರೊಳಗೊಂದು ಇಡಲು ಹೋದರು. ಅವು ಕೂರಲಿಲ್ಲ.

"ಟೈಮ್ ನಾಲ್ಕೂ ಹತ್ತು. ನೀವು ಕೆರೆ ಹತ್ರ ಇರಲಿಲ್ಲ. ಚಿತ್ರ ಎಲ್ಲಿದೆ ಅಮ್ಮ?"

ಅವರು ಎದ್ದು ಒಳಗೆ ಹೋದರು. ಸಿಂಚನಾ ಹಿಂದೆಯೇ ಹೋದಳು. ವಾರ್ಡ್‌ರೋಬಿನ ಬನಾರಸಿ ಸೀರೆಯ ಮಡಿಕೆಯಿಂದ ನಿಶಾಪತಿ ಹಾಲ್ದಾರ್ ಹೊರಬಂದ. ಕಿರಿದು ಮಾಡಿದ ಕಣ್ಣು, ಎಲ್ಲರನ್ನೂ ಅನುಮಾನಿಸುವ ನೋಟ. ದಾವಣಗೆರೆಯ ಹುಡುಗ ಬೆರಗಾಗಿ ನೋಡಿದ್ದು ಇದೇ ಮುಖವನ್ನು.

"ಯಾಕೆ?"

"ಬಾಬಾನ ಕೈ ನಡುಗೋಕೆ ಶುರುವಾಗಿತ್ತು," ಎಂದರು ಮಹಾಶ್ವೇತಾ. ಬಾಬಾ ಎಂದರೆ ಅಪ್ಪ; ಕಿರಿಯರನ್ನೂ ಅಕ್ಕರೆಯಿಂದ ಹಾಗೇ ಕರೆಯುತ್ತಾರೆ. "ಗೊತ್ತಾದರೆ ಕೆಲಸ ಹೋಗುತ್ತೆ. ನನಗೆ ಹದಿನಾರು. ನಾನು ಬರೆದೆ, ಅವರು ಸಹಿ ಹಾಕಿದರು. ಈ ಕಣ್ಣು ಬರೆಯೋಕೆ ಅವರ ಕೈಯೇ ಬೇಕು ಅಂತ ಕೋಲ್ಕತಾ ಎಲ್ಲ ಹೇಳಿತು. ಯಾರಿಗೂ ಹೇಳಬೇಡ ಅಂತ ಸಾಯೋವಾಗಲೂ ಕೈ ಹಿಡಕೊಂಡರು. ಆ ಹೆಲೆನ್ ಬಾಬಾ ಬರೆದ ಆ ಎರಡು ಹಾಳೆ ಪಕ್ಕಕ್ಕಿಟ್ಟು ಪೆನ್ಸಿಲ್ ಗೆರೆ ನೋಡಿದರೆ ಇದರಲ್ಲಿ ಒಂದೂ ನಡುಗಿಲ್ಲ ಅಂತ ತಿಳಿಯುತ್ತಿತ್ತು. ಕಳ್ಳತನ ಅಂದರೆ ನಾಲ್ಕು ದಿನ ಹುಡುಕಿ ಬಿಡ್ತೀರಿ ಅಂದುಕೊಂಡೆ."

"ಮನೋಜನ್ನ ಹಿಡಿದಾಗ?"

ಅವರು ಸೀರೆಯನ್ನು ಮತ್ತೆ ಮಡಿಸತೊಡಗಿದರು. ಸುದರ್ಶನನಿಗೆ ಅಯ್ಯೋ ಅನಿಸಿತು. ಆದರೂ ನಿಯಮದ ಮಾತುಗಳನ್ನು ಒಂದೊಂದಾಗಿ ಹೇಳಿ, ಪೊಲೀಸರಿಗೆ ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಅವರನ್ನು ಅರೆಸ್ಟ್ ಮಾಡಿದ.

ಠಾಣೆಯಲ್ಲಿ ವಶಪಡಿಸಿಕೊಂಡ ವಸ್ತುವಿನ ವಿವರವನ್ನು ಸಿಂಚನಾ ಟೈಪ್ ಮಾಡತೊಡಗಿದಳು. "ಚಿತ್ರ ಬರೆದವರು?"

"ಬಾಬಾನ ಹೆಸರೇ ಇರಲಿ," ಎಂದರು ಮಹಾಶ್ವೇತಾ. "ಮುದುಕಿಗೆ ಅರಳುಮರಳು ಅಂತ ಬರಕೊಳ್ಳಿ. ಶಿಕ್ಷೆ ಏನಿದ್ದರೂ ನನಗಿರಲಿ."

"ಕಾರಣ ಇಲ್ಲದ ತಪ್ಪೊಪ್ಪಿಗೆಯನ್ನ ಯಾರೂ ನಂಬಲ್ಲ ಅಮ್ಮ," ಎಂದ ಸುದರ್ಶನ್. "ಪಕ್ಕದ್ಮನೆ ಹುಡುಗನ್ನ ಉಳಿಸೋಕೆ ಮುದುಕಿ ಸುಳ್ಳು ಹೇಳ್ತಿದ್ದಾಳೆ ಅಂತಾರೆ. ಅವನ ಮೇಲಿನ ಅನುಮಾನ ಹೋಗಲ್ಲ."

ಗಾಜಿನಾಚೆ ಮನೋಜ್ ಕೂತಿದ್ದ. ಚಾರ್ಜ್ ವಾಪಸಾಗುವ ಕಾಗದಕ್ಕೆ ಕರೆಸಿದ್ದರು. ಚಂದ್ರಶೇಖರರ ಮನೆಯಿಂದ ಆಗಲೇ ಹೊರಬಿದ್ದವನು. ಕಾಲ ಬಳಿ ಎರಡು ಸೂಟ್‌ಕೇಸು. ಮಹಾಶ್ವೇತಾ ನೋಡಿದರು, ಅವನೂ ನೋಡಿದ. ಎದ್ದು ಬಾಗಿಲವರೆಗೆ ಬಂದ.

"ಟೀ ಕುಡಿದಿದ್ದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಆಂಟಿ," ಎಂದ. ದನಿ ಏರಿರಲಿಲ್ಲ.

ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು. ಒಂದು ಹೆಸರನ್ನು ಕಾಯಲು ಐವತ್ತಾರು ವರ್ಷ ಸುಮ್ಮನಿದ್ದ ಹೆಂಗಸು. ಸುಮ್ಮನಿರುವುದು ಎಷ್ಟು ರೂಢಿಯಾಗಿತ್ತೆಂದರೆ, ಪಕ್ಕದ ಮನೆಯ ಹುಡುಗ ಮುಳುಗುವಾಗಲೂ ಬಾಯಿ ತೆರೆಯಲಿಲ್ಲ. ಸುದರ್ಶನ್ ಆಮೇಲೆ ವರದಿಯಲ್ಲಿ ಉದ್ದೇಶ ಎನ್ನುವ ಕಡೆ ಬರೆದದ್ದು ಈ ಎರಡು ಮಾತು, ಅಷ್ಟೇ.

"ಬರೆದವರು?" ಸಿಂಚನಾ ಮತ್ತೆ ಮೆಲ್ಲಗೆ ಕೇಳಿದಳು.

"ಮಹಾಶ್ವೇತಾ," ಎಂದರು ಅವರು, ಮನೋಜನನ್ನೇ ನೋಡುತ್ತ. ಟೈಪ್ ಮಾಡುವ ಸಿಂಚನಾಗೆ ತಪ್ಪಾಗಬಾರದೆಂದು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.